ಹುಣಸೆ ಬೀಜದ ಮಂಜುಗಡ್ಡೆ

ಲೆನಿನ್‌ಗ್ರಾಡ್, ೮ ಫೆಬ್ರವರಿ ೧೯೮೩

ಅವ್ವ, ಶರಣು. ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾಗಿದ್ದರೆ ಬೈಯಬೇಡ.

ಇಲ್ಲಿ ಹೊಳೆ ಕಲ್ಲಾಗಿದೆ. ಜನ ಅದರ ಮೇಲೆ ನಡೆದೇ ಕೆಲಸಕ್ಕೆ ಹೋಗುತ್ತಾರೆ. ಉತ್ತರ ಧ್ರುವದ ಕಡಲಿನಲ್ಲಿ ಇಂಥ ಮಂಜುಗಡ್ಡೆ ಹೇಗೆ ಕರಗುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಓದು. ಕಂಪ್ಯೂಟರ್ ಸಿಗುವುದು ವಾರಕ್ಕೆ ಒಂದೇ ತಾಸು. ಅದಕ್ಕೇ ನೀನು ಕಟ್ಟಿಕೊಟ್ಟ ಹುಣಸೆಹಣ್ಣಿನಲ್ಲಿ ಉಳಿದಿದ್ದ ಬೀಜಗಳನ್ನು ಆರಿಸಿ, ಚೌಕಾಬಾರಕ್ಕೆ ತಿಕ್ಕುವ ಹಾಗೆ ಒಂದು ಮಗ್ಗುಲು ಬಿಳಿ ಮಾಡಿ, ಚೌಕಳಿ ಹಾಳೆಯ ಮೇಲೆ ಇಟ್ಟೆ. ಬಿಳಿ ಎಂದರೆ ಮಂಜು, ಕರಿ ಎಂದರೆ ನೀರು. ಪ್ರತಿ ಬೀಜವೂ ಸುತ್ತಲಿನ ನಾಲ್ಕನ್ನು ನೋಡಿ, ಹೆಚ್ಚಿನವು ಇದ್ದಂತೆ ಹೊರಳಬೇಕು. ಇದ್ದ ನಾಲ್ಕಾರು ಕರಿ ಬೀಜಗಳೂ ಬಿಳಿಯಾದವು. ಆಮೇಲೆ ಏನೂ ಅಲುಗಲಿಲ್ಲ.

ಆಗ ನಿನ್ನ ನೆನಪಾಯಿತು. ಓಣಿಯ ಮಗ್ಗಗಳೆಲ್ಲ ನಿಂತ ದಿನವೂ "ನಾಕ ಮನ್ಯಾವ್ರು ನಿಲ್ಲಿಸ್ಯಾರಂತ ನಾ ಯಾಕ ನಿಲ್ಲಿಸ್ಲಿ?" ಎಂದು ಲಾಳಿ ಓಡಿಸುತ್ತಿದ್ದೆಯಲ್ಲ! ಪ್ರತಿ ಬೀಜದ ಸರದಿಗೂ ಬೇರೆ ನಾಲ್ಕು ಬೀಜ ಎಸೆದು ನೋಡಿದೆ; ನಾಲ್ಕೂ ಬಿಳಿ ಬಿದ್ದರೆ, ಸರದಿಯ ಬೀಜ ನೆರೆಯವರ ಮಾತು ಕೇಳದೆ ಹೊರಳಬೇಕು. ಮೂರನೇ ಸುತ್ತಿಗೆ ನಡುವೆ ಒಂದು ಕರಿ ಕಂಡಿತು, ಅದರ ಮಗ್ಗುಲಿಗೆ ಇನ್ನೊಂದು. ಸಂಜೆಗೆ ಹೊಂಡವೇ ಆಯಿತು, ವಿಮಾನದಿಂದ ತೆಗೆದ ಫೋಟೋದಲ್ಲಿ ಇರುವಂಥದ್ದೇ. ನೆರೆಯವರ ಮಾತು ಮೀರುವ ಈ ಗುಣವನ್ನು ಪ್ರೊಫೆಸರ್ ಶಾಖ ಎನ್ನುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ನಿನ್ನ ಹೆಸರೇ, ಬನಶಂಕರೆವ್ವ ಎಂದಿದೆ.

ಕೆಮ್ಮು ಹೋಗಿದೆ. ಹುಣಸೆಹಣ್ಣು ಮುಗಿಯಿತು. ಕಳಿಸುವಾಗ ಬೀಜ ತೆಗೆಯಬೇಡ. ಓಣಿಯವರೆಲ್ಲ ತೆಗಿ ಎಂದರೂ ಕೇಳಬೇಡ. ನೀನು ಕೇಳುವವಳೂ ಅಲ್ಲ.

ಶಾಕಾಂಬರಿ