ಎರಡು ಬಾಟಲಿ, ಒಂದೇ ಪೈಪು

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಮಗಳೇ,

ನೀನು, ಅಳಿಯಂದಿರು, ನನ್ನ ಪುಟ್ಟಿ ಆರೋಗ್ಯವೇ? ನಿನ್ನ ಬೆನ್ನುನೋವು ಹೇಗಿದೆ? ಇಲ್ಲಿ ಎಲ್ಲ ಸುಖ, ನನ್ನ ನಿದ್ದೆ ಒಂದು ಬಿಟ್ಟು. ಊಟದ ಮೇಲೆ ಒಂದು ಗಳಿಗೆ ಕಣ್ಣು ಹತ್ತಿತ್ತು, ಕೆಟ್ಟ ಕನಸು. ಪುಟ್ಟಿ ನಮ್ಮ ಅಡುಗೆಮನೆ ನಲ್ಲಿಗೆ ಬಾಯಿ ಒಡ್ಡಿದ್ದಾಳೆ. ಬೇಡ ಬೇಡ ಎಂದು ಕೂಗುತ್ತಲೇ ಎಚ್ಚರವಾಯಿತು. ಎದ್ದವಳೇ ಅದೇ ನಲ್ಲಿಯಲ್ಲಿ ಮುಖ ತೊಳೆದು ಈ ಕಾಗದ ಹಿಡಿದು ಕುಳಿತೆ.

ನಿನ್ನ ಕಾಗದ ಮೂರು ಸಲ ಓದಿದೆ. ಹೊಲಕ್ಕೆ ಹೊಡೆದ ಕಳೆನಾಶಕ ಕೆರೆಗಿಳಿದು ಊರ ನಲ್ಲಿಗಳಿಗೆಲ್ಲ ಬಂದಿದೆ ಎಂದು ಗೊತ್ತಾದಾಗಿನಿಂದ ನೀನು ಮಗುವನ್ನು ಇಲ್ಲಿಗೆ ತಂದಿಲ್ಲ. ಸರಿಯೇ ಬಿಡು, ಪುಡಿಹಾಲು ಕುಡಿಯುವ ಕೂಸು. ಈಗ ಟ್ಯಾಂಕಿನ ಹತ್ತಿರ ನೀರು ಸೋಸಲು ಇದ್ದಿಲು ತುಂಬಿ ತಿಂಗಳಾಯಿತು. ನಿನ್ನ ಲ್ಯಾಬಿಗೆ ನಾನು ಕಳಿಸಿದ ಎರಡು ಬಾಟಲಿಗಳಲ್ಲಿ, ನಾನು ಅಡುಗೆ ಮಾಡುವ ಶಾಲೆಯದ್ದು, ಮೇಷ್ಟರು ತುಂಬಿಸಿಕೊಟ್ಟದ್ದು, ಮಿತಿಯೊಳಗಿದೆ. ನಮ್ಮ ಮನೆಯದ್ದು ಮಾತ್ರ ಸ್ವಲ್ಪ ಮೇಲಿದೆ, ಆದ್ದರಿಂದ ಈಗ ಬರುವುದಿಲ್ಲ ಎಂದು ಬರೆದಿದ್ದೀಯ. ಒಂದೇ ಪೈಪಿನ ನೀರು ಎರಡು ಥರ ಹೇಗಾಯಿತೆಂದು ನಿಮ್ಮ ಸಾಹೇಬರೂ ತಲೆ ಕೆರೆದುಕೊಂಡರಂತೆ.

ನಿನ್ನ ಸೋದರಮಾವನಿಗೆ ಹೇಳಿದೆ. ಇಪ್ಪತ್ತು ವರ್ಷದಿಂದ ಟ್ಯಾಂಕಿನ ವಾಲ್ವು ತಿರುಗಿಸುವವನಲ್ಲವೇ, ಬಂದು ಪೈಪನ್ನು ಉದ್ದಕ್ಕೂ ತಡವಿ ನೋಡಿದ. ಒಂದು ಹನಿ ಸೋರಿಕೆಯಿಲ್ಲ. ಒಲೆಯ ಮೇಲೆ ಕೊತಕೊತ ಕುದಿಯುವ ಪಾತ್ರೆ ಕಂಡು, "ಅಕ್ಕಾ, ನಿನ್ನ ಕಂಡ್ರೆ ನೀರಿಗೂ ಭಯ, ಆವಿಯಾಗಿ ಓಡಿಹೋಗ್ತಿದೆ ನೋಡು" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಕುದಿಸಿದ್ರೆ ಕ್ರಿಮಿ ಸಾಯುತ್ತೆ ಕಣಕ್ಕಾ, ಈ ಕಳೆ ಔಷಧಿ ಹೋಗಲ್ಲ. ನೀರು ಬತ್ತುತ್ತೆ, ಅದು ಅಲ್ಲೇ ಕೂತಿರುತ್ತೆ" ಅಂದ. ನಾನು ಕೈಲಿದ್ದ ಸೌಟನ್ನು ಹಾಗೇ ಕೆಳಗಿಟ್ಟೆ.

ತೊಟ್ಟಿಲು ಒರೆಸಿಟ್ಟಿದ್ದೇನೆ. ಪುಟ್ಟಿಯ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದಲ್ಲ, ಮೇಲೆ ಬರೆಯಲು ನಾಚಿಕೆಯಾಯಿತು. ಆ ಮನೆ ಬಾಟಲಿಯ ನೀರು ನೇರ ನಲ್ಲಿಯದ್ದಲ್ಲ. ನಿಮ್ಮ ಸಾಹೇಬರ ಮುಂದೆ ನಿನ್ನ ತವರಿನ ನೀರು ಕೊಳಕು ಅನ್ನಿಸಬಾರದೆಂದು, ಒಂದು ಪಾತ್ರೆ ಅರ್ಧ ಪಾತ್ರೆ ಆಗುವಷ್ಟು ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ತುಂಬಿದ್ದೆ. ಈಗ ನೀಲಿ ಮುಚ್ಚಳದ ಬಾಟಲಿ ಕಳಿಸಿದ್ದೇನೆ. ನಿನ್ನ ಸೋದರಮಾವನೇ ಎದುರು ನಿಂತು ನೇರ ನಲ್ಲಿಯಿಂದ ತುಂಬಿಸಿದ, ಒಲೆ ಹಚ್ಚಲು ಬಿಡಲಿಲ್ಲ. ಬೈಯುವುದಿದ್ದರೆ ಮಗುವನ್ನು ಕರೆತಂದು ಇಲ್ಲೇ ಬೈಯಿ. ಮೊದಲು ಈ ನೀಲಿ ಮುಚ್ಚಳದ್ದನ್ನು ಪರೀಕ್ಷೆ ಮಾಡಿ ನೋಡವ್ವ.