ದಪ್ಪ ಆಕ್ಸಲ್ ಬೇಡ

ಈಸ್ಟ್ ಹ್ಯಾಮ್

ಪ್ರೀತಿಯ ವಿಶ್ವಣ್ಣ,

'ಹೊರುವ ಬೆನ್ನು ಗಟ್ಟಿಯಾಗಲಿ' ಎಂದೇನೋ ಒಂದು ಕವಿತೆಯ ಸಾಲು ಅರ್ಧ ನೆನಪಿದೆ. ಹೊರೆಯನ್ನೇ ಇಳಿಸಬಾರದೇಕೆ?

ವೇಲ್ಸ್ ಗುಡ್ಡದ ಕೆಸರುಹಾದಿಗೆ ನಮ್ಮ ಸ್ಫೂರ್ತಿಯ ಟ್ರಕ್ಕಿಗೆ ಭಾರ ತಾಳುವ ದಪ್ಪ ಆಕ್ಸಲ್ ಬೇಕೇಬೇಕೆಂದು ಬೆಳಗಾವಿಯ ನಿನ್ನ ಗ್ಯಾರೇಜಿನಿಂದಲೇ ನೀನು ಹೇಳಿದಾಗ ನಾನೂ ಹೆದರಿದ್ದೆ. ಅವಳು ಟ್ರಕ್ಕಿನಡಿ ನುಸುಳಿ ನೋಡಿದಳು, ಪ್ರವಾಸಕ್ಕೆಂದು ನಾನು ಹೇರಿದ್ದ ಸಾಮಾನು ಸಮೇತ ತೂಗಿಸಿದಳು.

"ಅಮ್ಮಾ, ಆಕ್ಸಲ್ ಸ್ಟ್ರಾಂಗ್ ಐತಿ. ನಿನ್ನ ಗ್ರೈಂಡರ್, ಹಿಟ್ಟಿನ ಚೀಲ ಇಳಸು!"

ಇಳಿಸಿದೆ. ಗುಡ್ಡ ಹತ್ತಿಳಿದು ನಿನ್ನೆ ಸುರಕ್ಷಿತವಾಗಿ ಮನೆ ಸೇರಿದೆವು. ನೀನು ಆಕ್ಸಲ್ ಕೊಡಿಸಬೇಡ. ಸೋದರಸೊಸೆಗೆ ನಟ್ಟು ಬಿಗಿಯುವ ಒಳ್ಳೆಯ ಪಾನಾ ಸೆಟ್ ಕೊಡಿಸು.

ಇಂದು ಪಕ್ಕದ ಮನೆಯ ಜಗದೇವಪ್ಪನವರು ಬಾಗಿಲಲ್ಲೇ ನಿಂತು ಹೇಳಿದರು: "ನಮ್ಮ ವ್ಯಾನಿನ ಕೆಳಗೂ ಒಂಚೂರು ನೋಡಾಕ ಮಗಳಿಗೆ ಹೇಳ್ರಿ. ಗ್ಯಾರೇಜಿನವ್ರು ಏನರೆ ಹೇಳ್ಲಿ, ಆಕಿ ಹೇಳಿದ ಮ್ಯಾಲನ ನಾ ಹೂಂ ಅಂತೀನಿ."

ನಿನ್ನ ತಂಗಿ,
ಸುವರ್ಣಾ