ಎರಡನೆಯ ಗುರುತು

9 ಮಾರ್ಚ್ 1966, ಬುಧವಾರ. ಹೊಳೆನರಸೀಪುರ

ಇವತ್ತೂ ಸೈತಾನನದೇ ಕೆಲಸ. ಅವನ ಬಗ್ಗೆ ಹಾಸನದ ಚರ್ಚಿನ ಸ್ವಾಮಿಗಳು ಬರೆದ ಕಿರುಪುಸ್ತಕ, ಮೂವತ್ತೆರಡು ಪುಟ. ಬೆಳಿಗ್ಗೆಯಿಂದ ನಿಂತೇ ಅಚ್ಚಿನ ಮೊಳೆ ಜೋಡಿಸಿದೆ. ಹನ್ನೊಂದನೆಯ ಪುಟಕ್ಕೆ ಬರುವಷ್ಟರಲ್ಲಿ ‘ಸೈ’ ಮೊಳೆ ಖಾಲಿ. ಅಚ್ಚಾದ ಪುಟ ಬಿಚ್ಚಿ ತೆಗೆದುಕೊಳ್ಳಬೇಕಾಯಿತು.

ಪ್ರೆಸ್ಸಿನ ಯಜಮಾನರು ಚಂದ್ರಶೇಖರಯ್ಯ ಇಣುಕಿ ನೋಡಿದರು. “ಏನಯ್ಯಾ ಚೌರಪ್ಪ, ನಿಮ್ಮ ಸೈತಾನ ನಮ್ಮ ಮೊಳೆನೆಲ್ಲ ತಿಂದುಬಿಟ್ಟನಲ್ಲ!”

ನಗಲಿಲ್ಲ. ನಗುವ ಪುಸ್ತಕ ಅಲ್ಲ ಇದು. ಪ್ರೂಫ್ ನೋಡುವ ನೆಪದಲ್ಲಿ ಎರಡು ಸಲ ಓದಿದೆ. ಸ್ವಾಮಿಗಳು ಸ್ಪಷ್ಟವಾಗಿ ಬರೆದಿದ್ದಾರೆ — ಪಿಸುಗುಟ್ಟುವುದಷ್ಟೇ ಸೈತಾನನ ಕಸುಬು, ಮಾಡುವ ಕೈ ನಮ್ಮದು. ಮನುಷ್ಯ ಒಪ್ಪದೆ ಅವನಿಂದ ಏನೂ ಆಗದು. ದೆವ್ವ ಹಿಡಿಯುವುದು ತೀರ ಅಪರೂಪ. ಹಿಡಿದಿದೆ ಎನ್ನುವುದಕ್ಕೆ ಮೂರು ಗುರುತು ಇವೆ, ಅವು ಕಾಣದೆ ಯಾರ ಮೇಲೂ ಆ ಮಾತು ಹೊರಿಸಬಾರದು.

ನಮ್ಮ ಜನ ಇದನ್ನು ಓದಬೇಕು. ಕುಡಿದು ಬಿದ್ದವನೂ ಸೈತಾನ ಮಾಡಿಸಿದ ಅನ್ನುತ್ತಾನೆ, ಹೆಂಡತಿಗೆ ಹೊಡೆದವನೂ ಸೈತಾನ ಮಾಡಿಸಿದ ಅನ್ನುತ್ತಾನೆ. ಪಾಪ, ಅವನೊಬ್ಬ ಎಷ್ಟು ಕಡೆ ಓಡಾಡಬೇಕು!

ಭಾನುವಾರ ಕೊಪ್ಪಲಿಗೆ ಹೋಗಬೇಕು, ಅಕ್ಕನನ್ನು ನೋಡಲು. ಐದು ತಿಂಗಳ ಮಗು ಹೋಗಿ ಆರು ವಾರ. ಅವಳು ಮಾತೇ ಆಡುತ್ತಿಲ್ಲ ಎಂದು ಬಾವ ಕಾಗದ ಬರೆದಿದ್ದಾರೆ.

13 ಮಾರ್ಚ್, ಭಾನುವಾರ. ಕೊಪ್ಪಲು

ಅಕ್ಕ ಗುರುತು ಸಿಗದ ಹಾಗೆ ಆಗಿದ್ದಾಳೆ. ನಮ್ಮಕ್ಕ ಲೂರ್ದಮ್ಮ ಅಂದರೆ ನಮ್ಮೂರಲ್ಲಿ ಬಾವಿ ಕಟ್ಟೆಯಿಂದ ಚರ್ಚಿನವರೆಗೆ ಧ್ವನಿ ಕೇಳುತ್ತಿತ್ತು. ಈಗ ಗೋಡೆಗೆ ಒರಗಿ ಕೂತಿದ್ದಾಳೆ. ಕರೆದರೆ ನೋಡುತ್ತಾಳೆ. ಅಷ್ಟೇ.

ಇವತ್ತು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮೂರನೆಯ ಭಾನುವಾರ. ಹಾಸನದ ಸ್ವಾಮಿಗಳು ತಿಂಗಳಿಗೊಮ್ಮೆ ಬರುವುದು. ಉಳಿದ ವಾರ ಉಪದೇಶಿ ರಾಯಪ್ಪನವರೇ ಪಾಠ ಓದಿ ಜಪ ಹೇಳಿಸುತ್ತಾರೆ. ಇವತ್ತಿನ ಪಾಠ, ಯೇಸುಸ್ವಾಮಿ ಮೂಗ ದೆವ್ವವನ್ನು ಓಡಿಸಿದ್ದು. ಮೊದಲೆಲ್ಲ ಲ್ಯಾಟಿನ್, ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಕನ್ನಡ. ಕನ್ನಡ ಬಂತು ಎಂದು ಕುಣಿದವನು ನಾನೇ. ತಿಳಿಯಿತು ಜನಕ್ಕೆ — ಹೇಗೆ ತಿಳಿಯಿತು!

ಓದು ಮುಗಿಸಿ ರಾಯಪ್ಪ ಹೆಂಗಸರ ಕಡೆ ತಿರುಗಿದರು. ಕಣ್ಣು ಅಕ್ಕನ ಮೇಲೆ. “ಮೂಗ ದೆವ್ವ ಅಂದ್ರೆ ಆ ಕಾಲದಲ್ಲಿ ಮಾತ್ರ ಇತ್ತು ಅನ್ಕೋಬ್ಯಾಡಿ.” ಇಡೀ ಚರ್ಚು ಕತ್ತು ತಿರುಗಿಸಿತು.

ಮುಂದಿನ ಸಾಲಲ್ಲಿ ಕೂತಿದ್ದ ಅಕ್ಕನ ಮಾವ ಇನ್ನಾಸಪ್ಪ ಮಾತ್ರ ತಿರುಗಲಿಲ್ಲ. ತಲೆ ಆಡಿಸಿದರು. ಇಲ್ಲಿಯ ಸಭೆಗೆ ಅವರೇ ಯಜಮಾನರು. ಅವರು ತಲೆ ಆಡಿಸಿದರೆ ಆಯಿತು ಎಂದೇ ಅರ್ಥ.

14 ಮಾರ್ಚ್, ಸೋಮವಾರ. ಬೆಳಿಗ್ಗೆ



ಹಾಲು ಕರೆಯುವ ಹೊತ್ತಿಗೆ ರಾಯಪ್ಪ ಬಂದರು. ಕೈಯಲ್ಲಿ ಜಪಸರ, ಕಂಕುಳಲ್ಲಿ ಹುಣಸೆ ಕೋಲು. ಅಕ್ಕನನ್ನು ಅಂಗಳದಲ್ಲಿ ಕೂರಿಸಿ, ಕೆಂಡದ ಮೇಲೆ ಮೆಣಸಿನಕಾಯಿ ಹಾಕಿದರು. “ಹೆಸ್ರು ಹೇಳು! ನೀನ್ಯಾರು ಹೇಳು!” ಒಂದೊಂದು ಮಾತಿಗೆ ಒಂದೊಂದು ಏಟು. ಅವಳು ಕೆಮ್ಮಿದಳು. ಅಳಲಿಲ್ಲ. ನಾನು ನುಗ್ಗಿದೆ. ನಾಲ್ಕು ಜನ ಹಿಡಿದುಕೊಂಡರು. ಅಂತೋಣಿ ಬಾವ ನೆಲ ನೋಡುತ್ತ ನಿಂತಿದ್ದರು. ಆರಡಿ ಎತ್ತರದ ಗಂಡಸು!

ಪಕ್ಕದ ಮನೆ ಮುದ್ದಮ್ಮ ಬೇಲಿಯಾಚೆ ನಿಂತು ಕೂಗಿದಳು. ಅವರು ಬೇರೆ ಜನ, ಆದರೂ ಅಕ್ಕನ ಹೆರಿಗೆ ಮಾಡಿಸಿದವಳು ಅವಳೇ. “ಅಲ್ಲ ಕಣ್ರಪ್ಪಾ, ದೇವ್ರನ್ನೇ ಬದಲಾಯಿಸಿದ್ರಿ, ಮೆಣಸಿನಕಾಯಿ ಬದಲಾಯಿಸಕ್ಕಾಗ್ಲಿಲ್ವಾ? ನಮ್ಮ ಪೂಜಾರಿನೂ ಇದೇ ಅಲ್ವಾ ಮಾಡೋದು!”



ನಾನು ಸೈತಾನನನ್ನು ನಂಬುತ್ತೇನೆ. ಅದಕ್ಕೇ ಇಷ್ಟು ಸಿಟ್ಟು. ನಂಬದವನಿಗೆ ಇದು ಬರೀ ಮೂಢತನ. ನನಗೆ ಇದು ದೇವರ ಹೆಸರಲ್ಲಿ ನಡೆದ ಹಲ್ಲೆ. ಮಗು ಕಳಕೊಂಡ ತಾಯಿ ಮಾತು ಬಿಟ್ಟರೆ ದೆವ್ವವಂತೆ. ಹೊಡೆಯುವವನ ಕೈಯೊಳಗೆ ಯಾರಿದ್ದಾರೆ ಎಂದು ಕೇಳುವವರಿಲ್ಲ.

ಮುಂದಿನ ಭಾನುವಾರ ಸಭೆ. ಅವಳನ್ನು ತಮಿಳು ಸೀಮೆಯ ಯಾವುದೋ ಪುಣ್ಯಕ್ಷೇತ್ರಕ್ಕೆ ಕಳಿಸುವ ಮಾತು. ಅಲ್ಲಿ ದೆವ್ವ ಹಿಡಿದವರನ್ನು ಕಂಬಕ್ಕೆ ಸರಪಳಿ ಹಾಕಿ ಇಡುತ್ತಾರೆ. ಬಿಡುವವರೆಗೆ. ತಿಂಗಳೋ ವರ್ಷವೋ.

17 ಮಾರ್ಚ್, ಗುರುವಾರ. ಹೊಳೆನರಸೀಪುರ

ಪುಸ್ತಕ ಅಚ್ಚಾಯಿತು. ಒಂದು ಪ್ರತಿ ಅಂಗಿಯೊಳಗೆ. ಇಪ್ಪತ್ತಮೂರನೆಯ ಪುಟ — ಮೂರು ಗುರುತು. ಒಂದು: ಕಲಿಯದ ಭಾಷೆ ಮಾತಾಡುವುದು. ಎರಡು: ಯಾರಿಗೂ ತಿಳಿಯದ ಗುಟ್ಟನ್ನು ಹೇಳುವುದು. ಮೂರು: ಮೈಯಲ್ಲಿ ಇರಬಾರದಷ್ಟು ಬಲ ಬರುವುದು.

ಅಕ್ಕನಲ್ಲಿ ಮೂರೂ ಇಲ್ಲ. ಸ್ವಾಮಿಗಳ ಸ್ವಂತ ಬರಹ. ಇದನ್ನು ಸಭೆಯಲ್ಲಿ ನಿಂತು ಓದುತ್ತೇನೆ. ರಾಯಪ್ಪ ಆಗ ಏನು ಹೇಳುತ್ತಾರೆ ನೋಡೋಣ.

20 ಮಾರ್ಚ್, ಭಾನುವಾರ. ಕೊಪ್ಪಲು

ಓದಿದೆ.

ಚರ್ಚಿನ ಮುಂದೆ ಹೊಂಗೆ ಮರದ ಕೆಳಗೆ ಎಲ್ಲರೂ. ಅಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿದ್ದರು. ನಾಲ್ಕು ದಿನದಿಂದ ಬರೀ ನೀರು. ಉಪವಾಸಕ್ಕೆ ದೆವ್ವ ಹೆದರುತ್ತದಂತೆ.

ಇನ್ನಾಸಪ್ಪ ನನ್ನ ನೋಡಿ ನಕ್ಕರು. “ಲೇ ಚೌರಿ, ಮೊಳೆ ಜೋಡ್ಸೋನು ನೀನು. ಪಾದ್ರಿ ಯಾವಾಗ ಆದ್ಯಲಾ?”

“ಪಾದ್ರಿಗಳು ಬರೆದದ್ದನ್ನೇ ಓದ್ತೀನಿ ಮಾವ. ಕೇಳಿ.”

ಮೊದಲನೆಯ ಗುರುತು ಓದಿದೆ. ಚರ್ಚಿನ ಬೇಲಿಯಾಚೆಯಿಂದ ಮುದ್ದಮ್ಮ, “ನಮ್ಮ ದೆವ್ವಗಳು ಅಚ್ಚ ಕನ್ನಡ ಆಡ್ತವೆ ಕಣ್ರಪ್ಪಾ. ನಿಮ್ಮವು ಇಸ್ಕೂಲ್ಗೆ ಓಗಿದವಾ?” ಜನ ನಕ್ಕರು. ನನಗೆ ಧೈರ್ಯ ಬಂತು. ಮೂರನೆಯದನ್ನು ಓದಿ, “ಇವಳಿಗೆ ಎದ್ದು ನಿಲ್ಲೋ ಬಲ ಇದೆಯಾ? ನೀವೇ ನೋಡಿ” ಎಂದೆ. ಕೊನೆಗೆ ಎರಡನೆಯದು. ಗಟ್ಟಿಯಾಗಿ ಓದಿದೆ. “ಗುಟ್ಟು ಹೇಳೋದಿರಲಿ, ಒಂದೂವರೆ ತಿಂಗಳಿಂದ ಬಾಯೇ ಬಿಟ್ಟಿಲ್ಲವಲ್ಲ ನಮ್ಮಕ್ಕ!”

ಆಗ ಅಕ್ಕ ತಲೆ ಎತ್ತಿದಳು.

“ಹಾಲಿನ ಪುಡಿ ಮುಗುದಿಲ್ಲ. ಹೊಗೆಸೊಪ್ಪಿನ ಮನೇಲದೆ. ಸೊಪ್ಪಿನ ಅಟ್ಟಿ ಹಿಂದೆ ನಾಕು ಡ್ರಮ್ಮು.”

 ಅಮೆರಿಕದಿಂದ ಮಕ್ಕಳಿಗೆಂದು ಬರುವ ಹಾಲಿನ ಪುಡಿ ಅದು. ಶಾಲೆಯ ಅಂಗಳದಲ್ಲಿ ಕದಡಿ ಲೋಟಕ್ಕೆ ಹಾಕುತ್ತಿದ್ದರು. ಉಗ್ರಾಣದ ಬೀಗದ ಕೈ ಇನ್ನಾಸಪ್ಪನವರದು, ಹೊಗೆಸೊಪ್ಪಿನ ಮನೆಯೂ ಅವರದೇ. ಕ್ರಿಸ್ಮಸ್‌ಗೆ ಮುಂಚೆಯೇ ಸ್ಟಾಕ್ ಮುಗಿಯಿತು ಎಂದವರೂ ಅವರೇ.

ಇನ್ನಾಸಪ್ಪನವರ ಮುಖ ಬೂದಿಯಾಯಿತು. ಆದರೆ ರಾಯಪ್ಪ ಜಿಗಿದು ನಿಂತರು. “ಕಂಡ್ರಾ! ಕಂಡ್ರಾ! ಎರಡನೇ ಗುರ್ತು! ಸೊಪ್ಪಿನ ಮನೆಗೆ ಬೀಗ ಅದೆ. ಒಳಗಿರೋದು ಇವ್ಳಿಗೆಂಗೆ ಗೊತ್ತಾಗ್ಬೇಕು? ಅದು ಹೇಳಿಸ್ತಾ ಅದೆ!”

ಹೆಂಗಸರು ಶಿಲುಬೆ ಗುರುತು ಹಾಕಿಕೊಂಡು ಹಿಂದೆ ಸರಿದರು. ಇನ್ನಾಸಪ್ಪನವರಿಗೆ ಉಸಿರು ಬಂತು. “ನಿನ್ನ ಬಾಯಿಂದಲೇ ಬಂತಲ್ಲೋ ಚೌರಿ. ಪುಸ್ತಕ ತಂದೋನು ನೀನೇ ಕಣ್ಲಾ.”

ಮುಂದಿನ ಭಾನುವಾರ ಸ್ವಾಮಿಗಳು ಬರುತ್ತಾರೆ. ಅವರ ಒಪ್ಪಿಗೆ ಪಡೆದು ಸೋಮವಾರವೇ ಕಳಿಸುವುದು ಎಂದು ತೀರ್ಮಾನ.

21 ಮಾರ್ಚ್

ನಾನೇ ಜೋಡಿಸಿದ ಮೊಳೆ. ನಾನೇ ಓದಿದ ಪುಟ.

25 ಮಾರ್ಚ್, ಶುಕ್ರವಾರ. ಹೊಳೆನರಸೀಪುರ

ಮೂರು ದಿನ ಬರೆಯಲಿಲ್ಲ. ಏನು ಬರೆಯುವುದು? ನನ್ನನ್ನು ಬೈದುಕೊಂಡದ್ದನ್ನೇ?

ಇವತ್ತು ಇಪ್ಪತ್ತಮೂರನೆಯ ಪುಟದ ಮೊಳೆ ಬಿಚ್ಚಿ ಪೆಟ್ಟಿಗೆಯ ಮನೆಗಳಿಗೆ ಹಾಕುತ್ತಿದ್ದೆ. ‘ಗುಟ್ಟು’ ಎನ್ನುವ ಮಾತು ಕೈಯಲ್ಲಿತ್ತು. ಥಟ್ಟನೆ ಹೊಳೆಯಿತು. ಗುಟ್ಟು ಗುರುತಾಗಬೇಕಾದರೆ ಮೊದಲು ಅದು ನಿಜವಿರಬೇಕು! ಡ್ರಮ್ಮು ಇದ್ದರೆ ಮಾತ್ರ ಅದು ಗುಟ್ಟು. ಇಲ್ಲದಿದ್ದರೆ ದುಃಖದಲ್ಲಿ ಆಡಿದ ಮಾತು, ಅಷ್ಟೇ. ದೆವ್ವ ಇದೆ ಅನ್ನಬೇಕಾದರೆ ಇನ್ನಾಸಪ್ಪ ಕಳ್ಳತನ ಒಪ್ಪಬೇಕು. ಕಳ್ಳತನ ಇಲ್ಲ ಅಂದರೆ ದೆವ್ವವೂ ಇಲ್ಲ. ಎರಡು ಬಾಗಿಲು, ಒಂದರಲ್ಲಿ ಹೊರಗೆ ಬರಲೇಬೇಕು.

ಜೋರಾಗಿ ನಕ್ಕೆನಂತೆ. ಚಂದ್ರಶೇಖರಯ್ಯ ಕನ್ನಡಕ ಮೇಲೆತ್ತಿ ನೋಡಿದರು. “ಏನಯ್ಯಾ, ಆ ಪುಸ್ತಕ ಜೋಡಿಸಿ ನಿನಗೇ ಹಿಡೀತೋ ಹೇಗೆ?” ಎರಡು ದಿನ ರಜ ಕೇಳಿದೆ. ಕೊಟ್ಟರು.

26 ಮಾರ್ಚ್, ಶನಿವಾರ. ಕೊಪ್ಪಲು

ಮುದ್ದಮ್ಮ ಕಣ್ಣು ತಪ್ಪಿಸಿ ಗಂಜಿ ಕೊಟ್ಟಿದ್ದಾಳೆ. ಅಕ್ಕ ಮಾತಾಡುತ್ತಾಳೆ — ನನ್ನ ಹತ್ತಿರ ಮಾತ್ರ, ಮೆಲ್ಲಗೆ.

ಜ್ವರ ಬಂದು ಅವಳ ಎದೆಹಾಲು ಬತ್ತಿತ್ತು. ದವಾಖಾನೆಯ ಕನ್ಯಾಸ್ತ್ರೀ ಮಗುವಿಗೆ ಹಾಲಿನ ಪುಡಿ ಕೊಡಿ ಎಂದು ಚೀಟಿ ಬರೆದಿದ್ದರು. ಮಾವ ಚೀಟಿ ಓದಿ, ಸ್ಟಾಕ್ ಇಲ್ಲ ಎಂದರು. ಮಗು ಸತ್ತ ಒಂಬತ್ತನೇ ದಿನ ಹೊಗೆಸೊಪ್ಪನ್ನು ಒಂದರ ಮೇಲೊಂದು ಅಟ್ಟಿ ಹಾಕಲು ಅವಳನ್ನೇ ಕರೆದರು. ಸೊಪ್ಪಿನ ಹಿಂದೆ ಡ್ರಮ್ಮು ಕಂಡಿತು. ಅರಕಲಗೂಡಿನ ಹೋಟೆಲಿನವನಿಗೆ ಮಾರಲು ಮಾತಾಗಿದ್ದ ಮಾಲು.

“ಸ್ವಂತ ಮೊಮ್ಮಗು ಅಲ್ವೇನೇ ಅಕ್ಕ?”

“ಒಂದು ಬೊಗಸೆ ಕೊಟ್ರೂ ‘ಸ್ಟಾಕ್ ಅದೆ’ ಅಂತ ಆಗ್ಬುಡ್ತದಲ್ಲೋ ಚೌರಿ. ಅದ್ಕೇ ಕೊಡ್ಲಿಲ್ಲ.” ಆಮೇಲೆ ಹೇಳಿದಳು, “ಬಾಯಿ ಬಿಟ್ರೆ ಕೂಗ್ಬುಡ್ತೀನಿ ಅಂತ ಮುಚ್ಕೊಂಡಿದ್ದೆ.”

ಇನ್ನಾಸಪ್ಪನಿಗೆ ಪಿಸುಗುಟ್ಟಿದವನು ಯಾರೆಂದು ನನಗೆ ಗೊತ್ತು. ಒಪ್ಪಿದವನು ಯಾರು ಎನ್ನುವುದೂ ಗೊತ್ತು. ಇನ್ನು ಮೇಲೆ ಈ ದಿನಚರಿಯಲ್ಲಿ ಅವನನ್ನು ‘ಮಾವ’ ಎಂದು ಬರೆಯುವುದಿಲ್ಲ.

ನನ್ನ ಉಪಾಯ ಹೇಳಿದೆ. “ನಾಳೆ ಅವನು ಸುಳ್ಳು ಅಂದೇ ಅಂತಾನೆ ಅಕ್ಕ. ಅಂದ ತಕ್ಷಣ ಸರಪಳಿ ತಪ್ಪಿತು!” ಅವಳು ನನ್ನನ್ನೇ ನೋಡಿದಳು. 

27 ಮಾರ್ಚ್, ಭಾನುವಾರ. ಬೆಳಿಗ್ಗೆ 11

ಪೂಜೆ ಮುಗಿದು ಸ್ವಾಮಿಗಳು ಹೊರಗೆ ಬಂದರು. ರಾಯಪ್ಪ ಎಲ್ಲ ಹೇಳಿದರು. “ನಿಮ್ಮ ಪುಸ್ತಕದಲ್ಲೇ ಅದೆ ಸ್ವಾಮಿ, ಎರಡನೇ ಗುರ್ತು.”

ನಾನು ಮುಂದೆ ಬಂದೆ. “ಸ್ವಾಮಿ, ಹೇಳಿದ ಗುಟ್ಟು ಸುಳ್ಳಾದರೂ ಅದು ಗುರುತೇ?”

“ಸುಳ್ಳಾದರೆ ಹೇಗಯ್ಯ? ನಿಜವಾಗಿರಬೇಕು.”

“ಹಾಗಾದರೆ ಯಜಮಾನರನ್ನು ಕೇಳಿ. ಡ್ರಮ್ಮು ಇರೋದು ನಿಜವೋ, ಸುಳ್ಳೋ?”

ಜನ ಗುಜುಗುಜು ಅಂದರು. ಅರ್ಥ ಮೊದಲು ರಾಯಪ್ಪನಿಗೆ ಆಯಿತು. ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಇನ್ನಾಸಪ್ಪ ಟವಲ್ಲಿನಿಂದ ಕತ್ತು ಒರೆಸಿಕೊಂಡ. “ಸುಳ್ಳು ಸ್ವಾಮಿ. ಪೂರ್ತಿ ಸುಳ್ಳು.”

“ಮತ್ತೆ ದೆವ್ವ ಎಲ್ಲಿಂದ ಬಂತು?” ಸ್ವಾಮಿಗಳು ರಾಯಪ್ಪನನ್ನು ಗದರಿದರು. “ಯಾರನ್ನೂ ಎಲ್ಲಿಗೂ ಕಳಿಸಬೇಕಿಲ್ಲ. ಹೆಣ್ಣುಮಗಳು ದುಃಖದಲ್ಲಿ ಏನೋ ಅಂದಿದ್ದಾಳೆ. ಮಾವನಿಗೆ ತಪ್ಪಾಯ್ತು ಅಂದುಬಿಡಲಿ, ಮುಗಿಯಿತು.”

ಗೆದ್ದೆ! ಯೇಸುಸ್ವಾಮಿ, ನನ್ನನ್ನು ಕ್ಷಮಿಸು. ನಾನು ನಗುತ್ತಿದ್ದೆ.

ಅಕ್ಕ ಗೋಡೆ ಹಿಡಿದು ಎದ್ದಳು. “ಅನ್ನಲ್ಲ ಸ್ವಾಮಿ.”

“ಏನಮ್ಮ?”

“ನಾನು ಹೇಳಿದ್ದು ನಿಜ. ನಿಜ ಹೇಳಕ್ಕೆ ದೆವ್ವನೇ ಹಿಡೀಬೇಕು ಅಂದ್ರೆ ಹಿಡಿದದೆ ಅಂತಲೇ ಬರ್ಕೊಳಿ. ಸರಪಳಿ ಹಾಕಿ, ಬತ್ತೀನಿ. ಸುಳ್ಳಿ ಅನ್ನಿಸ್ಕೊಂಡು ಆ ಮನೇಲಿ ಒಲೆ ಹಚ್ಚಾಕಿಲ್ಲ.”

ನನ್ನ ನಗು ಎಲ್ಲಿ ಹೋಯಿತೋ. ಸರಪಳಿ ತಪ್ಪಿಸಲು ಅವಳ ಸತ್ಯವನ್ನೇ ಮಾರಿದ್ದೆ ನಾನು. ನನ್ನ ಜಾಣತನಕ್ಕಿಷ್ಟು! ಅವನಿಗೆ ಸುಳ್ಳು ಹೇಳುವ ಬಾಗಿಲು ತೆರೆದುಕೊಟ್ಟವನೂ ನಾನೇ.

ಬೇಲಿಯಾಚೆಯಿಂದ ಮುದ್ದಮ್ಮ, “ಬೀಗ ತೆಗುದ್ರೆ ಆಯ್ತಲ್ಲ ಸಾ. ದೆವ್ವ ಯಾಕೆ ಮಧ್ಯಕ್ಕೆ?”

ಇನ್ನಾಸಪ್ಪ ಕೈ ಮುಗಿದ. “ಸೊಪ್ಪು ಹದಕ್ಕೆ ಬಂದದೆ ಸ್ವಾಮಿ. ಬಿಸಿಲೊತ್ತಲ್ಲಿ ಬಾಗ್ಲು ತೆಗೆದ್ರೆ ಗರಿಗರಿಯಾಗಿ ಪುಡಿಯಾಯ್ತದೆ. ಸಂಜೆ ತೆಗೀತೀನಿ.”

“ಸರಿ, ಊಟ ಆಗಲಿ. ನಾಲ್ಕು ಗಂಟೆಗೆ ನೋಡೋಣ” ಎಂದರು ಸ್ವಾಮಿಗಳು. ಊಟ ಯಾರ ಮನೆಯಲ್ಲಿ? ಯಾವಾಗಲೂ ಆಗುವ ಇನ್ನಾಸಪ್ಪನ ಮನೆಯಲ್ಲೇ. ಮೂವತ್ತೆರಡು ಪುಟ ಬರೆದವರು!

ಅದೇ ದಿನ, ಮಧ್ಯಾಹ್ನ 2

ಹೊಗೆಸೊಪ್ಪಿನ ಮನೆಯ ಬಾಗಿಲಿಗೆ ಒರಗಿ ಕೂತಿದ್ದೇವೆ, ನಾನು ಮತ್ತು ಅಕ್ಕ. ಬಾಗಿಲು ಇದೊಂದೇ. ನಾಲ್ಕು ಗಂಟೆಯೊಳಗೆ ಒಂದು ಡ್ರಮ್ಮೂ ಹೊರಗೆ ಹೋಗಕೂಡದು. ಎರಡು ಸಲ ಆಳು ಬಂದು, ನಮ್ಮನ್ನು ನೋಡಿ ವಾಪಸು ಹೋದ.

“ತಪ್ಪಾಯ್ತು ಅಕ್ಕ” ಎಂದೆ.

“ಬುಡು. ನಿನ್ನ ಪುಸ್ತಕ ಇಲ್ದಿದ್ರೆ ನಾನು ಬಾಯೇ ಬುಡ್ತಿರ್ಲಿಲ್ಲ.”

ಬಾವ ಬರುತ್ತಿದ್ದಾರೆ. ಒಬ್ಬರೇ. ಕೈಯಲ್ಲಿ ಬೀಗದ ಕೈ.

“ಅಪ್ಪ ಸ್ವಾಮಿಗಳ ಜೊತೆ ಎಲೆ ಮುಂದೆ ಊಟಕ್ಕೆ ಕೂತವ್ರೆ. ಗೂಡಿಂದ ತಕ್ಕೊಂಡ್ಬಂದೆ.”

ಅಕ್ಕ ಎದ್ದು ನಿಂತಳು. “ಗೊತ್ತಿತ್ತಾ ನಿಮಗೆ?”

ಬಾವ ನೆಲ ನೋಡಿದರು. “ಗೊತ್ತಿತ್ತು.”

“ಮಗ ಇದ್ದಾಗ್ಲೇ?”

ಬಾವ ಕೈ ಮುಂದೆ ಚಾಚಿದರು. ಅಕ್ಕ ಅವರ ಕೈಯಿಂದ ಬೀಗದ ಕೈ ಕಿತ್ತುಕೊಂಡಳು. ತಾನೇ ತೆಗೆದಳು. ಘಾಟು ಮುಖಕ್ಕೆ ಹೊಡೆಯಿತು. ಬಾವ ಒಳಗೆ ಹೋಗಿ ಅಟ್ಟಿ ಎಳೆದು ಹಾಕುತ್ತಿದ್ದಾರೆ. ಸೊಪ್ಪು ಪುಡಿಪುಡಿ. ಒಂದು... ಎರಡು... ಡ್ರಮ್ಮಿನ ಮೇಲಿನ ಇಂಗ್ಲಿಷ್ ಅಕ್ಷರ ಇಲ್ಲಿಂದಲೇ ಓದಬಹುದು.

ಅಕ್ಕ ಕರೆಯುತ್ತಿದ್ದಾಳೆ. ಬಾವಿ ಕಟ್ಟೆಯಿಂದ ಚರ್ಚಿನವರೆಗೆ ಕೇಳುವ ಧ್ವನಿ — “ಬರ್ದಿದ್ದು ಸಾಕು ಬಾರೋ! ಉರುಳಿಸ್ಕೊಂಡ್ ಓಗಿ ಅವ್ರ ಎಲೆ ಮುಂದೆ ನಿಲ್ಸಾನ!”